ಸಣ್ಣ ವ್ಯಾಪಾರದಲ್ಲಿ ಇ-ಅಂಚೆಯ ವ್ಯವಸ್ಥೆ: ದೇವಸಮುದ್ರ ಪ್ರದೇಶದ ರೇಷ್ಮೆ ಸೀರೆ ವ್ಯಾಪಾರವನ್ನು ನಿದರ್ಶನವಾಗಿಟ್ಟುಕೊಂಡ ಒಂದು ವಿವೇಚನೆ

1. ಪೀಠಿಕೆ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿರುವ ದೇವಸಮುದ್ರವು ಒಂದು ಹೋಬಳಿಯ ಕೇಂದ್ರ. ತಾಲ್ಲೂಕಿನ ಹೆಸರನ್ನೇ ಹೊತ್ತ ರೇಷ್ಮೆ ಸೀರೆಯು ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆದಿರುವ ಸಂಗತಿ ವಾಚಕರಿಗೆ ವಿದಿತವೇ ಇದೆ. ಈ ಸೀರೆಯ ವ್ಯಾಪಾರದಲ್ಲಿ ತೊಡಗಿರುವ ಸಣ್ಣ ವರ್ತಕನು ನೂಲನ್ನೂ ಜರಿಯನ್ನೂ ಒದಗಿಸುವವರೊಡನೆ, ಮಗ್ಗದವರೊಡನೆ, ದೂರದ ಊರುಗಳ ಅಂಗಡಿಗಳವರೊಡನೆ, ಇವರೆಲ್ಲರ ಜೊತೆಗೆ ಬ್ಯಾಂಕು ಮತ್ತು ತೆರಿಗೆಯ ಇಲಾಖೆಗಳೊಡನೆ ಏಕಕಾಲದಲ್ಲಿ ವ್ಯವಹರಿಸಬೇಕಾಗುತ್ತದೆ. ಹಿಂದೆ ಅಂಚೆಯ ಕಾರ್ಡಿನಿಂದಲೂ ಖುದ್ದು ಭೇಟಿಯಿಂದಲೂ ನಡೆಯುತ್ತಿದ್ದ ಈ ವ್ಯವಹಾರದ ಒಂದು ದೊಡ್ಡ ಭಾಗವು ಈಗ ದೂರವಾಣಿ ಮತ್ತು ಇ-ಮೇಲ್ ಎಂದು ರೂಢಿಯಲ್ಲಿರುವ ಇ-ಅಂಚೆಯ ಮೂಲಕ ನಡೆಯುತ್ತಿದೆ.

ಇಂಥ ಒಬ್ಬ ವರ್ತಕನನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಅವನ ಮೊದಲನೆಯ ಇ-ಅಂಚೆ ಖಾತೆಯನ್ನು ಕಾಲೇಜಿನಲ್ಲಿ ಓದುತ್ತಿದ್ದ ಮಗನು ಬ್ಯಾಂಕಿನ ಕೆಲಸಕ್ಕೆಂದು ತೆರೆದುಕೊಟ್ಟನು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ, ನೋಂದಣಿಗೆ ಇ-ಅಂಚೆಯ ವಿಳಾಸವೊಂದು ಬೇಕಾಗಿ, ಲೆಕ್ಕ ಬರೆಯುವವರು ಎರಡನೆಯದನ್ನು ತೆರೆದರು. ಸೀರೆಗಳನ್ನು ಜಾಲತಾಣದಲ್ಲಿ ಮಾರಲು ಮೂರನೆಯದು, ಅಂಗಡಿಯ ಚೀಟಿಯಲ್ಲಿ ಅಚ್ಚು ಹಾಕಿಸಲು ನಾಲ್ಕನೆಯದು ಹುಟ್ಟಿಕೊಂಡವು. ಕಾಲಕ್ರಮದಲ್ಲಿ ಮಗನು ಬೆಂಗಳೂರಿಗೆ ಹೋದನು. ಲೆಕ್ಕ ಬರೆಯುವವರು ಬದಲಾದರು. ತೆರಿಗೆಯ ಸೂಚನೆ ಬರುವ ಪೆಟ್ಟಿಗೆಯ ಗುಪ್ತಪದವು ಯಾರ ಬಳಿ ಇದೆಯೆಂಬುದು ಯಜಮಾನನಿಗೇ ತಿಳಿಯದಾಯಿತು. ಮದುವೆಯ ಕಾಲಕ್ಕೆಂದು ಅಂಗಡಿಯವರು ಕಳುಹಿಸಿದ ಬೇಡಿಕೆಯ ಪತ್ರವು, ಯಾರೂ ತೆರೆದು ನೋಡದ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಉಳಿಯಿತು.

ಈ ತೊಡಕಿಗೆ ಖಾತೆಗಳ ಸಂಖ್ಯೆಯೊಂದೇ ಕಾರಣವಲ್ಲ. ಪ್ರತಿಯೊಂದು ಖಾತೆಯೂ ಒಬ್ಬ ವ್ಯಕ್ತಿಯನ್ನು ಅವಲಂಬಿಸಿದುದೇ ಇದರ ಮೂಲ. ಆದುದರಿಂದ ವಿಳಾಸಗಳನ್ನು ಕೆಲಸಕ್ಕೆ ಅನುಗುಣವಾಗಿ ಏರ್ಪಡಿಸಬೇಕು. ವಿಂಗಡಣೆಯ ಶ್ರಮವನ್ನು ಯಂತ್ರಕ್ಕೆ ವಹಿಸಬೇಕು. ಹಣ ಮತ್ತು ವಾಗ್ದಾನಗಳಿಗೆ ಸಂಬಂಧಿಸಿದ ನಿರ್ಧಾರವನ್ನು ಮಾತ್ರ ಮನುಷ್ಯನ ಕೈಯಲ್ಲಿಯೇ ಉಳಿಸಿಕೊಳ್ಳಬೇಕು. ಈ ಮೂರು ಅಂಶಗಳನ್ನು ಪ್ರಕೃತ ಲೇಖನದಲ್ಲಿ ಕ್ರಮವಾಗಿ ವಿವರಿಸಲು ಉದ್ದೇಶಿಸಿದೆ.

2. ಇಸಿಲಕ್ಕೆ ಬಂದ ಪತ್ರ

ವಿಳಾಸವು ವ್ಯಕ್ತಿಗಿಂತ ಹುದ್ದೆಯನ್ನು ಅನುಸರಿಸಬೇಕೆಂಬ ತತ್ತ್ವವು ಹೊಸದೇನೂ ಅಲ್ಲ. ಅದರ ಅತಿ ಪ್ರಾಚೀನ ನಿದರ್ಶನವೊಂದು ಇದೇ ಮೊಳಕಾಲ್ಮೂರು ತಾಲ್ಲೂಕಿನಲ್ಲಿದೆ. ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿರುವ ಅಶೋಕನ ಶಾಸನಗಳನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ಬ್ರಹ್ಮಗಿರಿಯ ಶಾಸನದ ಆರಂಭವು ಪತ್ರದ ರೂಪದಲ್ಲಿದೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಅಲ್ಲಿಯ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಕುಶಲವನ್ನು ವಿಚಾರಿಸಿ ರಾಜಾಜ್ಞೆಯನ್ನು ತಿಳಿಸುತ್ತಾರೆ. ಕೊನೆಯಲ್ಲಿ ಬರೆದವನ ಹೆಸರು ಚಪಡನೆಂದಿದ್ದು, ಅವನ ವೃತ್ತಿಯನ್ನು ಸೂಚಿಸುವ ‘ಲಿಪಿಕಾರ’ ಎಂಬರ್ಥದ ಪದವು ಖರೋಷ್ಠೀ ಲಿಪಿಯಲ್ಲಿದೆ.

ಇಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ಪತ್ರವನ್ನು ಪಡೆಯುವವರ ವೈಯಕ್ತಿಕ ಹೆಸರು ಶಾಸನದಲ್ಲಿಲ್ಲ. ಇಸಿಲದಲ್ಲಿ ಆ ಹುದ್ದೆಯಲ್ಲಿ ಯಾರಿದ್ದರೂ ಪತ್ರವು ಅವರಿಗೆ ಸಲ್ಲುತ್ತದೆ. ಆದರೆ ಬರೆದವನ ಹೆಸರು ಸ್ಪಷ್ಟವಾಗಿದೆ. ವಿಳಾಸದಲ್ಲಿ ಹುದ್ದೆ, ಸಹಿಯಲ್ಲಿ ವ್ಯಕ್ತಿ ಎಂಬ ಈ ಕ್ರಮವನ್ನು ಸಣ್ಣ ವ್ಯಾಪಾರದ ಇ-ಅಂಚೆಗೂ ಯಥಾವತ್ತಾಗಿ ಅನ್ವಯಿಸಬಹುದು.

3. ಪೆಟ್ಟಿಗೆಗಳ ಏರ್ಪಾಡು

ಮೊದಲು ಇ-ಅಂಚೆಯು ನಡೆಯುವ ಬಗೆಯನ್ನು ಸಂಕ್ಷೇಪವಾಗಿ ತಿಳಿಯುವುದು ಅವಶ್ಯಕ. 1971ರಲ್ಲಿ ರೇ ಟಾಮ್ಲಿನ್ಸನ್ ಎಂಬ ಅಮೆರಿಕದ ಯಂತ್ರಶಾಸ್ತ್ರಜ್ಞರು ಬಳಕೆದಾರನ ಹೆಸರನ್ನೂ ಯಂತ್ರದ ಹೆಸರನ್ನೂ ‘ಅಟ್’ ಚಿಹ್ನೆಯಿಂದ ಬೇರ್ಪಡಿಸುವ ಪದ್ಧತಿಯನ್ನು ಆರಂಭಿಸಿದರು. ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆಯು 1995ರ ಆಗಸ್ಟ್ 15ರಂದು ದೊರೆಯಿತು. ಪತ್ರವನ್ನು ಒಂದು ಸರ್ವರ್ ಯಂತ್ರದಿಂದ ಮತ್ತೊಂದಕ್ಕೆ ಸಾಗಿಸುವ ನಿಯಮಾವಳಿಗೆ ಎಸ್.ಎಂ.ಟಿ.ಪಿ. ಎಂದು ಹೆಸರು, ಇದು 1982ರಲ್ಲಿ ಪ್ರಕಟವಾಯಿತು. ತಲುಪಿದ ಪತ್ರವನ್ನು ಓದಲು ಎರಡು ಮಾರ್ಗಗಳಿವೆ. ‘ಪಾಪ್’ ಎಂಬ ಕ್ರಮದಲ್ಲಿ ಪತ್ರವನ್ನು ಓದುಗನ ಗಣಕಕ್ಕೆ ಇಳಿಸಿಕೊಂಡು, ಸಾಮಾನ್ಯವಾಗಿ ಸರ್ವರಿನಿಂದ ತೆಗೆದುಹಾಕಲಾಗುತ್ತದೆ. 1986ರಲ್ಲಿ ಮಾರ್ಕ್ ಕ್ರಿಸ್ಪಿನ್ ರೂಪಿಸಿದ ‘ಐಮ್ಯಾಪ್’ ಕ್ರಮದಲ್ಲಿಯಾದರೋ ಪತ್ರವು ಸರ್ವರಿನಲ್ಲಿಯೇ ಉಳಿಯುತ್ತದೆ. ಅದನ್ನು ಅಂಗಡಿಯ ಗಣಕದಿಂದಲೂ ಯಜಮಾನನ ದೂರವಾಣಿಯಿಂದಲೂ ನೋಡಬಹುದು, ಒಂದರಲ್ಲಿ ಓದಿದ ಗುರುತು ಮತ್ತೊಂದರಲ್ಲಿಯೂ ಕಾಣುತ್ತದೆ. ಇಬ್ಬರು ಮೂವರು ಕೂಡಿ ನಡೆಸುವ ವ್ಯಾಪಾರಕ್ಕೆ ಎರಡನೆಯ ಕ್ರಮವೇ ತಕ್ಕುದು.

ಏರ್ಪಾಡಿನ ಮೊದಲ ಹಂತವು ಇರುವ ಖಾತೆಗಳ ಪಟ್ಟಿಯನ್ನು ತಯಾರಿಸುವುದು. ಪ್ರತಿಯೊಂದು ಖಾತೆಯನ್ನು ತೆರೆದವರು ಯಾರು, ಅದಕ್ಕೆ ಜೋಡಿಸಿರುವ ದೂರವಾಣಿ ಸಂಖ್ಯೆ ಯಾವುದು, ಯಾವ ಬ್ಯಾಂಕು ಅಥವಾ ಇಲಾಖೆಗೆ ಆ ವಿಳಾಸವನ್ನು ಕೊಡಲಾಗಿದೆ ಎಂಬುದನ್ನು ಒಂದು ವಹಿಯಲ್ಲಿ ಬರೆಯಬೇಕು. ಈ ಕೆಲಸವನ್ನು ಮುಂದಕ್ಕೆ ಹಾಕುವಂತಿಲ್ಲ; ಏಕೆಂದರೆ ಗೂಗಲ್ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ, ಎರಡು ವರ್ಷಗಳ ಕಾಲ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳು ಅಳಿಸಿಹೋಗಬಹುದು.

ಎರಡನೆಯ ಹಂತವು ವಿಳಾಸಗಳ ವಿಭಜನೆ. ಸ್ವಂತ ಜಾಲನಾಮವನ್ನು ಕೊಳ್ಳಲು ಶಕ್ತಿಯಿರುವವರು ಅದರಡಿಯಲ್ಲಿ ಬೇಡಿಕೆ, ಲೆಕ್ಕ, ಖರೀದಿ ಎಂದು ಮೂರು ವಿಳಾಸಗಳನ್ನು ಇಟ್ಟುಕೊಂಡರೆ ಸಾಕು. ಅಂಗಡಿಗಳವರು ಮೊದಲನೆಯದಕ್ಕೂ, ಬ್ಯಾಂಕು ಮತ್ತು ತೆರಿಗೆ ಇಲಾಖೆಗಳು ಎರಡನೆಯದಕ್ಕೂ, ನೂಲು ಜರಿಗಳ ವರ್ತಕರು ಮೂರನೆಯದಕ್ಕೂ ಬರೆಯುತ್ತಾರೆ. ಇವೆಲ್ಲವೂ ಪ್ರತ್ಯೇಕ ಖಾತೆಗಳೇ ಆಗಬೇಕೆಂಬ ನಿರ್ಬಂಧವಿಲ್ಲ. ಒಂದೇ ಪೆಟ್ಟಿಗೆಗೆ ಹಲವು ಉಪನಾಮಗಳನ್ನು ಕೊಡಲು ಬಹುತೇಕ ಸೇವೆಗಳಲ್ಲಿ ಅವಕಾಶವಿದೆ. ಜಾಲನಾಮದ ವೆಚ್ಚವನ್ನು ಭರಿಸಲಾಗದವರು ಜಿಮೇಲ್‌ನಂಥ ಸೇವೆಯಲ್ಲಿ ತಮ್ಮ ಹೆಸರಿನ ಮುಂದೆ ಕೂಡುವ ಚಿಹ್ನೆಯನ್ನು ಹಾಕಿ, ಅದರ ಮುಂದೆ ‘ಬೇಡಿಕೆ’ ಅಥವಾ ‘ಲೆಕ್ಕ’ ಎಂಬ ಪದವನ್ನು ಇಂಗ್ಲಿಷ್ ಲಿಪಿಯಲ್ಲಿ ಸೇರಿಸಿ ಕೊಟ್ಟರೂ ಪತ್ರವು ಅದೇ ಪೆಟ್ಟಿಗೆಗೆ ಬರುತ್ತದೆ. ವಿಂಗಡಿಸಲು ಗುರುತೂ ದೊರೆಯುತ್ತದೆ.

ಹಳೆಯ ಖಾತೆಗಳ ಪತ್ರಗಳನ್ನೆಲ್ಲ ಹೊಸದಕ್ಕೆ ಮುಂದಕ್ಕೆ ಕಳುಹಿಸುವಂತೆ ಏರ್ಪಡಿಸುವುದು ಸುಲಭವಾಗಿ ಕಂಡರೂ ಅದರಲ್ಲಿ ಒಂದು ದೋಷವಿದೆ. ಮುಂದೆ ಹೇಳಲಿರುವ ಎಸ್.ಪಿ.ಎಫ್. ಎಂಬ ಪರೀಕ್ಷೆಯಲ್ಲಿ, ನಡುವೆ ಕೈ ಬದಲಾದ ಪತ್ರವು ಅನಧಿಕೃತವಾಗಿ ಕಾಣಿಸಿ ತಿರಸ್ಕೃತವಾಗಬಹುದು. ಆದಕಾರಣ ಥಂಡರ್‌ಬರ್ಡ್ ಅಥವಾ ಔಟ್‌ಲುಕ್‌ನಂಥ ಒಂದೇ ತಂತ್ರಾಂಶದಲ್ಲಿ ಎಲ್ಲ ಖಾತೆಗಳನ್ನೂ ಐಮ್ಯಾಪ್ ಕ್ರಮದಿಂದ ಜೋಡಿಸಿ ಓದುವುದೇ ಹೆಚ್ಚು ಭದ್ರವಾದ ಮಾರ್ಗ.

4. ಯಂತ್ರಕ್ಕೆ ವಹಿಸತಕ್ಕ ಕೆಲಸ

ಕಚೇರಿಗಳಲ್ಲಿ ಟಪಾಲು ನೋಡುವ ಗುಮಾಸ್ತನು ಬಂದ ಕಾಗದವನ್ನು ಒಡೆದು, ವಹಿಯಲ್ಲಿ ಏರಿಸಿ, ಸಂಬಂಧಪಟ್ಟ ಮೇಜಿಗೆ ಕಳುಹಿಸುತ್ತಾನೆ. ಅವನು ಪತ್ರಕ್ಕೆ ಉತ್ತರವನ್ನು ಬರೆಯುವುದಿಲ್ಲ. ಫಿಲ್ಟರ್ ಎಂದು ಕರೆಯಲ್ಪಡುವ ವಿಂಗಡಣೆಯ ನಿಯಮವೂ ಇಂಥ ಗುಮಾಸ್ತನೇ. ಪ್ರತಿಯೊಂದು ನಿಯಮದಲ್ಲಿಯೂ ಎರಡು ಭಾಗಗಳಿರುತ್ತವೆ: ಒಂದು ಷರತ್ತು, ಒಂದು ಕ್ರಿಯೆ. ಪತ್ರವು ಲೆಕ್ಕದ ವಿಳಾಸಕ್ಕೆ ಬಂದಿದ್ದರೆ ‘ತೆರಿಗೆ’ ಎಂಬ ಗುರುತನ್ನು ಹಚ್ಚುವುದು. ಖರೀದಿಯ ವಿಳಾಸಕ್ಕೆ ಲಗತ್ತಿನೊಡನೆ ಬಂದಿದ್ದರೆ ‘ಬಿಲ್ಲು’ ಎಂಬ ಕೋಶಕ್ಕೆ ಸೇರಿಸುವುದು. ಮಾರಾಟದ ಜಾಹೀರಾತಾಗಿದ್ದರೆ ಪಕ್ಕಕ್ಕಿಡುವುದು. ಇಂಥ ನಿಯಮಗಳನ್ನು ಬರೆಯಲು ‘ಸೀವ್’ ಎಂಬ ಒಂದು ಪ್ರತ್ಯೇಕ ಭಾಷೆಯೇ ಇದ್ದು, ಅದರ ಸ್ವರೂಪವು 2001ರಲ್ಲಿ ಮೊದಲು ಪ್ರಕಟವಾಯಿತು.

ಇಲ್ಲಿ ಮೂರು ಎಚ್ಚರಿಕೆಗಳು ಅವಶ್ಯಕ. ಮೊದಲನೆಯದು, ಅನೇಕ ವ್ಯವಸ್ಥೆಗಳಲ್ಲಿ ನಿಯಮಗಳು ಮೇಲಿನಿಂದ ಕೆಳಕ್ಕೆ ಒಂದರ ನಂತರ ಒಂದರಂತೆ ಅನ್ವಯವಾಗುವುದರಿಂದ, ವಿಶೇಷ ನಿಯಮವು ಸಾಮಾನ್ಯ ನಿಯಮಕ್ಕಿಂತ ಮೊದಲು ಬರಬೇಕು. ಎರಡನೆಯದು, ಗಣಕದ ತಂತ್ರಾಂಶದಲ್ಲಿ ಬರೆದ ನಿಯಮವು ಆ ಗಣಕವು ಚಾಲನೆಯಲ್ಲಿರುವಾಗ ಮಾತ್ರ ಕೆಲಸ ಮಾಡುತ್ತದೆ. ಸರ್ವರಿನಲ್ಲಿ ಬರೆದ ನಿಯಮಕ್ಕೆ ಅಂಗಡಿಯಲ್ಲಿ ವಿದ್ಯುತ್ತು ಹೋದರೂ ಬಾಧಕವಿಲ್ಲ. ಮೂರನೆಯದು, ಯಾವ ನಿಯಮವೂ ಪತ್ರವನ್ನು ಅಳಿಸಿಹಾಕಕೂಡದು; ಗುರುತು ಹಚ್ಚುವುದು, ಸ್ಥಳ ಬದಲಿಸುವುದು ಇಷ್ಟೇ ಸಾಕು. ತಪ್ಪಾಗಿ ಪಕ್ಕಕ್ಕಿಟ್ಟ ಪತ್ರವನ್ನು ಹುಡುಕಬಹುದು, ಅಳಿಸಿದುದನ್ನು ಮರಳಿ ಪಡೆಯುವುದು ಕಷ್ಟ.

ಪತ್ರ ತಲುಪಿತೆಂದು ತಾನಾಗಿಯೇ ತಿಳಿಸುವ ಸ್ವಯಂಪ್ರತ್ಯುತ್ತರವೂ ಉಪಯುಕ್ತವಾದುದೇ. ಆದರೆ ಇಬ್ಬರ ಕಡೆಯೂ ಇಂಥ ಏರ್ಪಾಡಿದ್ದರೆ, ಒಬ್ಬರ ಉತ್ತರಕ್ಕೆ ಮತ್ತೊಬ್ಬರ ಯಂತ್ರವು ಉತ್ತರಿಸುತ್ತ ಹೋಗಿ ಪೆಟ್ಟಿಗೆಗಳೆರಡೂ ತುಂಬಿಹೋಗುವ ಅಪಾಯವಿದೆ. ಈ ಕಾರಣದಿಂದ 2004ರಲ್ಲಿ ಪ್ರಕಟವಾದ ಶಿಫಾರಸುಗಳಲ್ಲಿ, ಯಂತ್ರವು ಕಳುಹಿಸಿದ ಉತ್ತರಕ್ಕೆ ಆ ಬಗೆಯ ಗುರುತನ್ನು ಹಾಕಬೇಕೆಂದೂ, ಅಂಥ ಗುರುತಿರುವ ಪತ್ರಕ್ಕೆ ಮತ್ತೊಂದು ಯಂತ್ರವು ಉತ್ತರಿಸಬಾರದೆಂದೂ ಸೂಚಿಸಲಾಗಿದೆ. ಸ್ವಯಂಪ್ರತ್ಯುತ್ತರದ ಒಕ್ಕಣೆಯಲ್ಲಿ ಪತ್ರವು ಬಂದಿರುವುದನ್ನೂ ಯಾವ ದಿನದೊಳಗೆ ಉತ್ತರ ಬರುವುದೆಂಬುದನ್ನೂ ತಿಳಿಸಿದರೆ ಸಾಕು. ಬೆಲೆಯನ್ನಾಗಲಿ ಸರಕು ಸಿದ್ಧವಾಗುವ ದಿನವನ್ನಾಗಲಿ ಅದರಲ್ಲಿ ನಮೂದಿಸಬಾರದು. ಕೈಮಗ್ಗದಲ್ಲಿ ಒಂದು ಸೀರೆಯು ಮುಗಿಯುವ ಕಾಲವು ಅದರ ಅಂಚು, ಸೆರಗು, ಬುಟ್ಟಾಗಳ ಕೆಲಸವನ್ನು ಅವಲಂಬಿಸಿರುತ್ತದೆ; ನೇಯುವವರನ್ನು ಕೇಳದೆ ಯಂತ್ರವು ಕೊಟ್ಟ ಮಾತನ್ನು ಕೊನೆಗೆ ನೇಯುವವರೇ ನಿದ್ರೆಗೆಟ್ಟು ನಡೆಸಿಕೊಡಬೇಕಾಗುತ್ತದೆ.

5. ಯಂತ್ರಕ್ಕೆ ವಹಿಸಬಾರದ ಕೆಲಸ

ಸಣ್ಣ ವರ್ತಕನ ಬಂಡವಾಳಕ್ಕೇ ಕುತ್ತು ತರಬಲ್ಲ ಸಂಗತಿಯೊಂದಿದೆ. ನೂಲಿನ ವರ್ತಕರ ಹೆಸರಿನಲ್ಲಿ ಒಂದು ಪತ್ರ ಬರುತ್ತದೆ. ತಮ್ಮ ಬ್ಯಾಂಕಿನ ಖಾತೆ ಬದಲಾಗಿದೆ, ಬಾಕಿ ಹಣವನ್ನು ಹೊಸ ಖಾತೆಗೆ ಸಲ್ಲಿಸಬೇಕು ಎಂದು ಅದರಲ್ಲಿರುತ್ತದೆ. ವಿಂಗಡಣೆಯ ನಿಯಮವು ಅದನ್ನು ‘ಬಿಲ್ಲು’ ಎಂಬ ಕೋಶಕ್ಕೆ ಸೇರಿಸುತ್ತದೆ; ಆ ಕೋಶದಲ್ಲಿರುವ ಕಾರಣದಿಂದಲೇ ಪತ್ರಕ್ಕೆ ವಿಶ್ವಾಸಾರ್ಹತೆಯ ಕಳೆ ಬರುತ್ತದೆ; ಹಣವು ವಂಚಕನ ಪಾಲಾಗುತ್ತದೆ.

ಇಂಥ ಮೋಸವನ್ನು ತಡೆಯಲು ಮೂರು ತಾಂತ್ರಿಕ ಉಪಾಯಗಳಿವೆ. ಎಸ್.ಪಿ.ಎಫ್. ಎಂಬುದು ಒಂದು ಜಾಲನಾಮದ ಪರವಾಗಿ ಯಾವ ಸರ್ವರುಗಳು ಪತ್ರ ಕಳುಹಿಸಬಹುದೆಂಬ ಪಟ್ಟಿ. ಡಿಕಿಮ್ ಎಂಬುದು ಪತ್ರಕ್ಕೆ ಯಂತ್ರವು ಒತ್ತುವ ಮುದ್ರೆ. ಡಿಮಾರ್ಕ್ ಎಂಬುದು ಈ ಪರೀಕ್ಷೆಗಳಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂಬ ಆದೇಶ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು, ತಮ್ಮ ಖಾತೆದಾರರಿಗೆ ಪತ್ರ ಕಳುಹಿಸುವವರೆಲ್ಲರೂ ಮೊದಲ ಎರಡರಲ್ಲಿ ಒಂದನ್ನಾದರೂ ಅಳವಡಿಸಿರಬೇಕೆಂದು ವಿಧಿಸಿವೆ. ಸ್ವಂತ ಜಾಲನಾಮವುಳ್ಳ ವರ್ತಕನು ಇವನ್ನು ಅಳವಡಿಸದಿದ್ದರೆ ಅವನ ಪತ್ರಗಳೇ ಗಿರಾಕಿಗೆ ತಲುಪದೆ ಹೋಗಬಹುದು. ಆದರೆ ಒಂದು ಅಕ್ಷರವನ್ನು ಮಾತ್ರ ಬದಲಿಸಿ ಕೊಂಡ ಹೊಸ ಜಾಲನಾಮದಿಂದ ಬಂದ ಪತ್ರವೂ, ನೂಲಿನ ವರ್ತಕರ ನಿಜವಾದ ಖಾತೆಯೊಳಗೇ ನುಗ್ಗಿ ಬರೆದ ಪತ್ರವೂ ಈ ಮೂರು ಪರೀಕ್ಷೆಗಳಲ್ಲಿ ಉತ್ತೀರ್ಣವಾಗಬಲ್ಲವು.

ಆದ್ದರಿಂದ ಖಾತೆಯ ಬದಲಾವಣೆಯನ್ನು ತಿಳಿಸುವ ಪತ್ರ ಬಂದಾಗ, ಅದರಲ್ಲಿ ಕೊಟ್ಟಿರುವ ಸಂಖ್ಯೆಯನ್ನು ಬಿಟ್ಟು, ಮೊದಲಿನಿಂದ ತಮ್ಮ ವಹಿಯಲ್ಲಿರುವ ಸಂಖ್ಯೆಗೆ ದೂರವಾಣಿ ಮಾಡಿ, ಪರಿಚಿತ ಧ್ವನಿಯನ್ನು ಕೇಳಿ ಖಚಿತಪಡಿಸಿಕೊಳ್ಳತಕ್ಕದ್ದು. ವಂಚನೆ ನಡೆದುದು ತಿಳಿದೊಡನೆ ತಡಮಾಡದೆ ಬ್ಯಾಂಕಿಗೂ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೂ ತಿಳಿಸತಕ್ಕದ್ದು.

ಪತ್ರಗಳ ಸಂರಕ್ಷಣೆಯೂ ಇದೇ ಬಗೆಯ ಹೊಣೆ. 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಅಧಿನಿಯಮವು ವಿದ್ಯುನ್ಮಾನ ದಾಖಲೆಗೆ ಕಾನೂನಿನ ಮಾನ್ಯತೆಯನ್ನು ಕೊಟ್ಟಿದೆ. ಸರಕು ಮತ್ತು ಸೇವಾ ತೆರಿಗೆಯ ಕಾನೂನಿನಂತೆ, ನೋಂದಾಯಿತ ವರ್ತಕನು ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಣೆಯನ್ನು ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕು. ಬಿಲ್ಲುಗಳೆಲ್ಲ ಇ-ಅಂಚೆಯಲ್ಲಿಯೇ ಬರುವಾಗ, ಕೆಲಸ ಬಿಟ್ಟುಹೋದವರ ಸ್ವಂತ ಖಾತೆಯಲ್ಲಿ ಅವು ಸಿಕ್ಕಿಕೊಂಡರೆ ಈ ಹೊಣೆಯನ್ನು ನಿರ್ವಹಿಸುವುದು ಅಸಾಧ್ಯ. ಕೆಲಸದವರು ಬದಲಾದ ದಿನವೇ ಗುಪ್ತಪದವನ್ನೂ ಎರಡನೆಯ ಹಂತದ ಪರಿಶೀಲನೆಗೆ ಕೊಟ್ಟ ದೂರವಾಣಿ ಸಂಖ್ಯೆಯನ್ನೂ ಬದಲಿಸುವುದು, ವರ್ಷಕ್ಕೊಮ್ಮೆ ಪತ್ರಗಳ ಪ್ರತಿಯನ್ನು ಬೇರೆಡೆಯಲ್ಲಿ ಇಡುವುದು ಯಜಮಾನನ ಕರ್ತವ್ಯ.

6. ಉಪಸಂಹಾರ

ಒಟ್ಟಿನಲ್ಲಿ, ಇ-ಅಂಚೆಯ ವ್ಯವಸ್ಥೆಯು ದೊಡ್ಡ ಸಂಸ್ಥೆಗಳಿಗೆ ಮಾತ್ರ ಸಲ್ಲುವ ವಿಷಯವಲ್ಲ. ದೊಡ್ಡ ಸಂಸ್ಥೆಯಲ್ಲಿ ಒಂದು ಪತ್ರ ಕಳೆದರೆ ಯಾರಾದರೊಬ್ಬರು ವಿಚಾರಿಸಿಕೊಳ್ಳುತ್ತಾರೆ. ನಾಲ್ಕು ಮಗ್ಗಗಳಿಗೆ ಕೆಲಸ ಕೊಡುವ ವರ್ತಕನಲ್ಲಿ ಒಂದು ಪತ್ರ ಕಳೆದರೆ ಆ ಮಗ್ಗಗಳು ನಿಲ್ಲುತ್ತವೆ. ಮೇಲೆ ಹೇಳಿದ ಏರ್ಪಾಡಿಗೆ ಹೆಚ್ಚಿನ ಹಣ ಬೇಕಿಲ್ಲ. ಒಂದು ವಹಿ, ಮೂರು ವಿಳಾಸ, ಹತ್ತು ನಿಯಮ ಮತ್ತು ದಿನಕ್ಕೆರಡು ಸಲ ಪೆಟ್ಟಿಗೆಯನ್ನು ನೋಡುವ ಅಭ್ಯಾಸ ಇಷ್ಟಿದ್ದರೆ ಸಾಕು. ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ಊರಿನ ಒಂದು ಅಂಗಡಿಯನ್ನು ಆರಿಸಿಕೊಂಡು ಅದರ ಖಾತೆಗಳ ಪಟ್ಟಿಯನ್ನು ಯಜಮಾನನೊಡನೆ ಕುಳಿತು ತಯಾರಿಸಿದರೆ, ಅವರ ಪಾಠಕ್ಕೂ ಅಂಗಡಿಗೂ ಪ್ರಯೋಜನವಾದೀತು.