ಫ್ರೆಂಚ್ ತಗೊಂಡ್ರೆ ಮಾರ್ಕು ಬರ್ತದೆ, ಮಾತು ಬರ್ತದಾ?

ಮಾರ್ಚ್ ಬಂತೆಂದರೆ ಗಲ್ಫಿನಿಂದ ಊರಿಗೆ ಬರುವ ಫೋನುಗಳಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತದೆ. "ಮಗಳು ಆರನೇ ಕ್ಲಾಸಿಗೆ ಬಂದಳು. ಸೆಕೆಂಡ್ ಲ್ಯಾಂಗ್ವೇಜ್ ಎಂತ ಹಾಕುವುದು? ಹಿಂದಿಯಾ, ಮಲಯಾಳಮಾ, ಫ್ರೆಂಚಾ?" ಅಲ್ಲಿನ ಇಂಡಿಯನ್ ಸ್ಕೂಲುಗಳಲ್ಲಿ ಕನ್ನಡ ಸಿಗುವುದು ಅಪರೂಪ. ಹಿಂದಿ ಕಷ್ಟ, ಮಲಯಾಳಂ ಲಿಪಿ ಮನೆಯಲ್ಲಿ ಯಾರಿಗೂ ಓದಲು ಬರುವುದಿಲ್ಲ. ಕೊನೆಗೆ ಪಕ್ಕದ ಫ್ಲ್ಯಾಟಿನವರು ಹೇಳಿದ ಮಾತೇ ನಡೆಯುತ್ತದೆ: "ಫ್ರೆಂಚ್ ಹಾಕಿ ಬಿಡಿ, ಸ್ಕೋರಿಂಗ್."

ಊರಿನಲ್ಲೂ ಕಥೆ ಬೇರೆಯಲ್ಲ. ಕೆಲವು ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಲ್ಲಿ ಫ್ರೆಂಚ್ ಉಂಟು. ನಮ್ಮ ರಾಜ್ಯದ ಪಿಯುಸಿ ಭಾಷೆಗಳ ಪಟ್ಟಿಯಲ್ಲಿ ಕನ್ನಡ, ಉರ್ದು, ಅರಬಿಗಳ ಜೊತೆ ಫ್ರೆಂಚ್ ಕೂಡ ಇದೆ. ಹತ್ತನೆಯವರೆಗೆ ಕನ್ನಡ ಓದಿದ ಮಕ್ಕಳೇ ಪಿಯುಸಿಗೆ ಬಂದಾಗ ಫ್ರೆಂಚ್ ತೆಗೆದುಕೊಳ್ಳುವುದುಂಟು.

ಸ್ಕೋರಿಂಗ್ ಎಂಬ ಮಾತು ಸುಳ್ಳಲ್ಲ. ಎಸೆಸೆಲ್ಸಿಯ ಪ್ರಥಮ ಭಾಷೆ ಕನ್ನಡದಲ್ಲಿ ಹಳೆಗನ್ನಡ ಪದ್ಯ ಉಂಟು, ಛಂದಸ್ಸು ಉಂಟು, ಪುಟಗಟ್ಟಲೆ ಉತ್ತರ ಬರೆಯಬೇಕು. ಫ್ರೆಂಚ್ ಪಠ್ಯವೋ, ಅಕ್ಷರದಿಂದ ಶುರುಮಾಡುವ ಮಗುವಿಗಾಗಿ ಮಾಡಿದ್ದು. ಗೆಳೆಯನಿಗೊಂದು ಸಣ್ಣ ಪತ್ರ, ಖಾಲಿ ಜಾಗ ತುಂಬುವ ವ್ಯಾಕರಣ, ಫ್ರಾನ್ಸಿನ ಹಬ್ಬ, ಊಟ, ಪ್ರವಾಸದ ಬಗ್ಗೆ ಒಂದೆರಡು ಸಾಲಿನ ಉತ್ತರ. ಸಿಬಿಎಸ್‌ಇಯಲ್ಲಿ 100ರಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಶಾಲೆಯ ಕೈಯಲ್ಲೇ. ಗೈಡ್ ಬಾಯಿಪಾಠ ಮಾಡಿದರೂ ಒಳ್ಳೆ ಮಾರ್ಕು ಬರುತ್ತದೆ.

ತೊಂದರೆ ಇರುವುದೂ ಅಲ್ಲೇ. ಐದು ವರ್ಷ ಫ್ರೆಂಚ್ ಓದಿ ತೊಂಬತ್ತರ ಮೇಲೆ ಮಾರ್ಕು ತೆಗೆದ ಹುಡುಗನನ್ನು ನಿಲ್ಲಿಸಿ, "ಫ್ರೆಂಚಿನಲ್ಲಿ ಎರಡು ನಿಮಿಷ ಮಾತಾಡು ಮೋನೇ" ಎನ್ನಿ. ಹೆಸರು ಹೇಳುತ್ತಾನೆ, ವಯಸ್ಸು ಹೇಳುತ್ತಾನೆ, ಆಮೇಲೆ ಗೋಡೆ ನೋಡುತ್ತಾನೆ. ಅವನ ತಪ್ಪಲ್ಲ. ಬಾಯಿ ತೆರೆಯಬೇಕೆಂದು ಅವನಿಗೆ ಯಾರೂ ಹೇಳಿಲ್ಲ.

ಇದು ಬೇಸರದ ವಿಷಯ. ಯಾಕೆಂದರೆ ಫ್ರೆಂಚ್ ಉಚ್ಚಾರಕ್ಕೆ ಬೇಕಾದ ಅರ್ಧ ತಯಾರಿ ನಮ್ಮ ಮಕ್ಕಳಿಗೆ ಮದ್ರಸದಲ್ಲೇ ಆಗಿರುತ್ತದೆ! ಉತ್ಪ್ರೇಕ್ಷೆ ಅನ್ನಬೇಡಿ. ಫ್ರೆಂಚಿನ 'ರ' ನಾಲಗೆಯ ತುದಿಯಿಂದ ಬರುವ ರಕಾರ ಅಲ್ಲ, ಗಂಟಲ ಹತ್ತಿರದಿಂದ ಬರುವ ಸದ್ದು. ಹೆಚ್ಚಿನವರು ಅದಕ್ಕಾಗಿ ತಿಂಗಳುಗಟ್ಟಲೆ ಒದ್ದಾಡುತ್ತಾರೆ. ಉಸ್ತಾದರ ಮುಂದೆ ಕುಳಿತು 'ಗೈನ್' ಅಕ್ಷರದ ಮಖ್ರಜ್ ಸರಿ ಮಾಡಿಕೊಂಡ ಮಗುವಿಗೆ ಆ ಜಾಗ ಗೊತ್ತು. ಎರಡೂ ಹೆಚ್ಚುಕಡಿಮೆ ಒಂದೇ ಕಡೆಯಿಂದ ಹುಟ್ಟುವ ಸದ್ದುಗಳು. ಫ್ರೆಂಚಿನಲ್ಲಿ ಮೂಗಿನಿಂದ ಹೊರಡುವ ಸ್ವರಗಳಿವೆ. ಒಳ್ಳೆಯದು ಅನ್ನುವುದಕ್ಕೆ 'ಬೋಂ', ರೊಟ್ಟಿಗೆ 'ಪ್ಯಾಂ'. ಅಲ್ಲಿ 'ನ್' ಎಂದು ನಾಲಗೆ ತಾಗಿಸಬಾರದು, ಸದ್ದು ಮೂಗಿನಲ್ಲೇ ನಿಲ್ಲಬೇಕು. ತಜ್ವೀದಿನಲ್ಲಿ ಗುನ್ನ, ಇಖ್ಫಾ ಕಲಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಿಲ್ಲಿಸಿದರೆ ಒಂದು ಉಚ್ಚಾರ, ಮುಂದಿನ ಪದಕ್ಕೆ ಸೇರಿಸಿ ಓದಿದರೆ ಇನ್ನೊಂದು ಎಂಬ ನಿಯಮವೂ ಅಲ್ಲಿ ಉಂಟು. 'ಲೆ' ಎಂಬ ಪದದ ಕೊನೆಯ ಅಕ್ಷರಕ್ಕೆ ಸಾಮಾನ್ಯವಾಗಿ ಸದ್ದಿಲ್ಲ. ಅದರ ಮುಂದೆ 'ಆಮಿ', ಅಂದರೆ ಗೆಳೆಯರು, ಬಂತೆಂದರೆ ಆ ಮಲಗಿದ ಅಕ್ಷರ ಎದ್ದು 'ಲೆಝಾಮಿ' ಆಗುತ್ತದೆ.

ವ್ಯಾಕರಣದಲ್ಲೂ ಹಾಗೆಯೇ. ಇಂಗ್ಲಿಷ್ ಮಾತ್ರ ಗೊತ್ತಿರುವ ಮಗುವಿಗೆ ಮೇಜು ಹೆಣ್ಣು, ಪುಸ್ತಕ ಗಂಡು ಎಂದರೆ ತಲೆ ತಿರುಗುತ್ತದೆ. ನಮ್ಮ ಮಕ್ಕಳು ಅರಬಿಯಲ್ಲಿ ಶಂಸ್ ಸ್ತ್ರೀಲಿಂಗ, ಖಮರ್ ಪುಲ್ಲಿಂಗ ಎಂದು ಕಲಿತಿರುತ್ತಾರೆ. ಫ್ರೆಂಚಿನಲ್ಲಿ ಇದು ತಲೆಕೆಳಗು: ಸೂರ್ಯ ಗಂಡು, ಚಂದ್ರ ಹೆಣ್ಣು. ಒಮ್ಮೆ ಹೇಳಿದರೆ ಮಕ್ಕಳು ಮರೆಯುವುದಿಲ್ಲ. ಇನ್ನು ನೀನು–ನೀವು ವ್ಯತ್ಯಾಸ. ಇಂಗ್ಲಿಷಿನಲ್ಲಿ ಅದು ಕಾಣದು, ಫ್ರೆಂಚಿನಲ್ಲಿ ಗೆಳೆಯನಿಗೆ 'ತ್ಯು', ಟೀಚರಿಗೆ 'ವೂ'. ನಾನು ಹೋಗುತ್ತೇನೆ, ನೀನು ಹೋಗುತ್ತೀಯ ಎಂದು ಕ್ರಿಯಾಪದ ಬದಲಾಗುವುದೂ ಕನ್ನಡ ಬಲ್ಲವರಿಗೆ ಹೊಸದಲ್ಲ. ಹೊಸದು ಅಂದರೆ ಎಣಿಕೆ. ಎಪ್ಪತ್ತಕ್ಕೆ ಅವರು ಅರವತ್ತು-ಹತ್ತು ಅನ್ನುತ್ತಾರೆ, ಎಂಬತ್ತಕ್ಕೆ ನಾಲ್ಕು-ಇಪ್ಪತ್ತು. ತೊಂಬತ್ತೊಂಬತ್ತು ಹೇಳಬೇಕಾದರೆ ನಾಲ್ಕು-ಇಪ್ಪತ್ತು-ಹತ್ತು-ಒಂಬತ್ತು! ಅಂಗಡಿ ನಡೆಸುವವರಿಗೆ ಇದು ಆಗಿಬರುವ ಲೆಕ್ಕವಲ್ಲ.

ಪದಗಳಲ್ಲೂ ನೆಂಟಸ್ತಿಕೆ ಇದೆ. ಸಕ್ಕರೆಗೆ ಫ್ರೆಂಚಿನಲ್ಲಿ 'ಸ್ಯೂಕ್ರ್'. ನಮ್ಮ ಶರ್ಕರವೇ ಪಾರ್ಸಿ, ಅರಬಿಯ ಸುಕ್ಕರ್, ಇಟಲಿಯ ಮೂಲಕ ಅಲ್ಲಿಗೆ ಹೋದದ್ದು. ಹತ್ತಿಗೆ 'ಕೊತೋಂ', ಅರಬಿಯ ಖುತ್ನ್‌ನಿಂದ. ಅಂಗಡಿಗೆ 'ಮಗಝ್ಯಾಂ', ಅದು ಅರಬಿಯ ಮಖ್ಝನ್, ಸರಕು ತುಂಬಿಡುವ ಜಾಗ. ಆಡುಮಾತಿನಲ್ಲಿ ಡಾಕ್ಟರಿಗೆ 'ತೂಬೀಬ್' ಅನ್ನುತ್ತಾರೆ. ತಬೀಬ್ ಅಲ್ಲದೆ ಮತ್ತೆಂತ?

ಫ್ರೆಂಚ್ ಅಂದರೆ ಪ್ಯಾರಿಸ್, ಐಫೆಲ್ ಟವರ್ ಎಂದಷ್ಟೇ ಪಠ್ಯಪುಸ್ತಕ ತೋರಿಸುತ್ತದೆ. ಆದರೆ ಆ ಭಾಷೆ ಆಡುವ ಜನ ಬಹಳ ಕಡೆ ಇದ್ದಾರೆ. ಸೆನೆಗಲ್, ಕ್ಯಾಮರೂನ್, ಕಾಂಗೋದಲ್ಲಿ ಅದು ಆಡಳಿತ ಭಾಷೆ. ಮೊರಾಕೊ, ಅಲ್ಜೀರಿಯಾ, ಟುನೀಷಿಯಾದಲ್ಲಿ ಅರಬಿಯ ಪಕ್ಕದಲ್ಲೇ ವ್ಯಾಪಾರಕ್ಕೆ, ಓದಿಗೆ ಅದೇ ಬಳಕೆ. ಅಷ್ಟು ದೂರ ಯಾಕೆ? ಮಂಗಳೂರಿನಿಂದ ಕೋಝಿಕ್ಕೋಡಿಗೆ ರೈಲಿನಲ್ಲಿ ಹೋಗುವಾಗ ತಲಶ್ಶೇರಿ ಕಳೆದ ಮೇಲೆ ಸಿಗುವ ಮಾಹೆ 1954ರ ಜುಲೈವರೆಗೆ ಫ್ರೆಂಚರ ಕೈಯಲ್ಲಿತ್ತು.

ಈಗ ಕೆಲಸಕ್ಕೆ ಬರುವ ಮಾತು. ಹತ್ತನೇ ತರಗತಿಯ ಫ್ರೆಂಚ್ ಮಾರ್ಕನ್ನು ಹೊರಗೆ ಯಾರೂ ಭಾಷೆ ಬರುತ್ತದೆ ಎಂಬ ಸಾಕ್ಷಿಯಾಗಿ ಕೇಳುವುದಿಲ್ಲ. ಕೇಳುವುದು ಡೆಲ್ಫ್ ಎಂಬ ಪರೀಕ್ಷೆಯನ್ನು. ಇದು ಫ್ರಾನ್ಸಿನ ಶಿಕ್ಷಣ ಇಲಾಖೆಯದ್ದು. ನಮ್ಮ ದೇಶದಲ್ಲಿ ಅಲಿಯಾನ್ಸ್ ಫ್ರಾನ್ಸೇಸ್ ಸಂಸ್ಥೆ ನಡೆಸುತ್ತದೆ, ಬೆಂಗಳೂರಿನಲ್ಲಿ ಅದರ ಕೇಂದ್ರ ಇದೆ. ಎ1, ಎ2, ಬಿ1, ಬಿ2 ಎಂದು ನಾಲ್ಕು ಮೆಟ್ಟಿಲು. ಶಾಲಾ ಮಕ್ಕಳಿಗೆ ಅದರದ್ದೇ ಜೂನಿಯರ್ ರೂಪವೂ ಉಂಟು. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ತಲಾ 25 ಅಂಕ. ಪಾಸಿಗೆ ಒಟ್ಟು 50 ಬೇಕು, ಯಾವುದರಲ್ಲೂ 5ಕ್ಕಿಂತ ಕಡಿಮೆ ಬರಬಾರದು. ಬರೆಯುವುದರಲ್ಲಿ ಹುಲಿಯಾಗಿದ್ದು ಮಾತಿನಲ್ಲಿ ಮೂಕನಾದರೆ ಫೇಲು. ಒಮ್ಮೆ ಪಾಸಾದರೆ ಆ ಸರ್ಟಿಫಿಕೇಟಿಗೆ ಅವಧಿ ಮುಗಿಯುವುದಿಲ್ಲ.

ಕೆನಡಾದ ಆಸೆ ಇರುವವರು ಇದನ್ನು ಗಮನಿಸಿ. ಅಲ್ಲಿನ ಎಕ್ಸ್‌ಪ್ರೆಸ್ ಎಂಟ್ರಿ ವಲಸೆ ಪದ್ಧತಿಯಲ್ಲಿ ಫ್ರೆಂಚ್ ಚೆನ್ನಾಗಿ ಬಲ್ಲವರಿಗೆ, ಇಂಗ್ಲಿಷೂ ಸಾಕಷ್ಟು ಇದ್ದರೆ, 50 ಹೆಚ್ಚುವರಿ ಪಾಯಿಂಟು ಸಿಗುತ್ತದೆ. 2023ರಿಂದ ಫ್ರೆಂಚ್ ಬಲ್ಲವರನ್ನೇ ಪ್ರತ್ಯೇಕವಾಗಿ ಕರೆಯುವ ಪದ್ಧತಿಯೂ ಬಂದಿದೆ. ಅದಕ್ಕೆ ಟೆಫ್ ಕೆನಡಾ ಅಥವಾ ಟಿಸಿಎಫ್ ಕೆನಡಾ ಪರೀಕ್ಷೆ ಬರೆಯಬೇಕು, ಮಟ್ಟ ಸುಮಾರು ಬಿ2. ಹೈಸ್ಕೂಲಿನ ಫ್ರೆಂಚನ್ನು ಚೆನ್ನಾಗಿ ಕಲಿತರೂ ಎ2ರ ಹತ್ತಿರ ನಿಲ್ಲುತ್ತದೆ. ಅಂದರೆ ಅರ್ಧ ದಾರಿ. ಶಾಲೆ ಮುಗಿದ ದಿನವೇ ಪುಸ್ತಕ ರದ್ದಿಗೆ ಹಾಕಿದರೆ ಆ ಅರ್ಧವೂ ಎರಡು ವರ್ಷದಲ್ಲಿ ಹಾರಿಹೋಗುತ್ತದೆ.

ಇನ್ನೊಂದು ಕಡೆಯನ್ನೂ ಹೇಳದೆ ಇರುವಂತಿಲ್ಲ. ಗಲ್ಫಿನಿಂದ ಮರಳಿ ಊರಿನ ಕಾಲೇಜಿಗೆ ಸೇರುವ ಮಕ್ಕಳಲ್ಲಿ ಬಸ್ಸಿನ ಬೋರ್ಡು ಓದಲಾಗದವರು ಎಷ್ಟು ಮಂದಿ ಇಲ್ಲ? ಬ್ಯಾರಿ ಮಾತು ಮನೆಯಲ್ಲಿ ಬರುತ್ತದೆ. ಆದರೆ ಬ್ಯಾರಿಯಲ್ಲಿ ಬಂದ ಕಥೆ, ಕವನ, ನಿಘಂಟು ಹೆಚ್ಚಾಗಿ ಅಚ್ಚಾಗಿರುವುದು ಕನ್ನಡ ಲಿಪಿಯಲ್ಲಿ. 2007ರಲ್ಲಿ ಹುಟ್ಟಿದ ಬ್ಯಾರಿ ಸಾಹಿತ್ಯ ಅಕಾಡೆಮಿಯ ಪುಸ್ತಕಗಳನ್ನು ಓದಬೇಕಾದರೂ ಅಆಇಈ ಬೇಕು. ಕರ್ನಾಟಕದಲ್ಲಿ 2015ರ ಕನ್ನಡ ಕಲಿಕಾ ಕಾಯ್ದೆ ಶಾಲೆಗಳಿಗೆ ಕನ್ನಡ ಕಲಿಸಲು ಹೇಳುತ್ತದೆ. ಹೊಸ ಶಿಕ್ಷಣ ನೀತಿ ಮೂರು ಭಾಷೆಗಳಲ್ಲಿ ಎರಡಾದರೂ ಭಾರತದ್ದಿರಲಿ ಅನ್ನುತ್ತದೆ. ಗಲ್ಫಿನ ಮನೆಗೆ ಕನ್ನಡ ಕಲಿಸಲು ಯಾವ ಕಾಯ್ದೆಯೂ ಬರುವುದಿಲ್ಲ, ಅದು ಉಮ್ಮನ ಕೆಲಸ, ಉಪ್ಪನ ಕೆಲಸ. ವಾರಕ್ಕೆ ಎರಡು ಗಂಟೆ ಕೊಟ್ಟರೆ ಒಂದು ವರ್ಷದಲ್ಲಿ ಮಗು ಈ ಪುಟವನ್ನು ಅಜ್ಜಿಗೆ ಓದಿ ಹೇಳಬಹುದು. ಹಾಗಾಗಿ ಫ್ರೆಂಚ್ ಬೇಡ ಅನ್ನುತ್ತಿಲ್ಲ. ಕನ್ನಡವನ್ನು ಬಿಟ್ಟು ಅದನ್ನು ಹಿಡಿಯುವುದು ನಷ್ಟದ ವ್ಯಾಪಾರ ಅನ್ನುತ್ತಿದ್ದೇನೆ.

ಫ್ರೆಂಚ್ ಹಾಕಿಯಾಗಿದೆ ಅನ್ನುವ ಮನೆಯವರು ಮೂರು ವಿಷಯ ನೋಡಿಕೊಳ್ಳಿ. ಪಾಠವನ್ನು ಮಗು ಗಟ್ಟಿಯಾಗಿ ಓದಲಿ, ಮದ್ರಸದ ಪಾಠ ಓದುವ ಹಾಗೆಯೇ. ನಿಮಗೆ ಅರ್ಥವಾಗದಿದ್ದರೂ ಪರವಾಗಿಲ್ಲ, ಕೇಳುವವರು ಇದ್ದಾರೆ ಅಂತ ಗೊತ್ತಾದರೆ ಸಾಕು. ಫೋನಿನಲ್ಲಿ ಕಾರ್ಟೂನು ನೋಡುವುದು ಹೇಗೂ ತಪ್ಪುವುದಿಲ್ಲ, ದಿನಕ್ಕೆ ಹದಿನೈದು ನಿಮಿಷ ಫ್ರೆಂಚ್ ಕಾರ್ಟೂನು ಹಾಕಿಕೊಡಿ. ಒಂಬತ್ತನೆಯಲ್ಲಿ ಡೆಲ್ಫ್ ಎ1 ಬರೆಸಿ, ಹತ್ತನೆಯ ಬೋರ್ಡ್ ಪರೀಕ್ಷೆ ಮುಗಿದ ರಜೆಯಲ್ಲಿ ಎ2. ಶುಲ್ಕ ಎಷ್ಟು, ಯಾವ ತಿಂಗಳಲ್ಲಿ ಪರೀಕ್ಷೆ ಎಂಬುದನ್ನು ನಿಮ್ಮ ಹತ್ತಿರದ ಕೇಂದ್ರದಲ್ಲಿ ಮೊದಲೇ ಕೇಳಿಕೊಳ್ಳಿ. ಅರ್ಜಿಯ ಕೊನೆಯ ದಿನ ಪರೀಕ್ಷೆಗಿಂತ ಬಹಳ ಮುಂಚೆಯೇ ಮುಗಿದಿರುತ್ತದೆ.