ಹರಡಿದ ಮರ್ಕೆಲ್ ಜೀವಕೋಶ ಕ್ಯಾನ್ಸರ್: ಕಿಮೊಥೆರಪಿಯ ಆಯ್ಕೆ

ಮರ್ಕೆಲ್ ಜೀವಕೋಶ ಕ್ಯಾನ್ಸರ್ ಚರ್ಮದಲ್ಲಿ ಉಂಟಾಗುವ ಅಪರೂಪದ, ಆದರೆ ಬಹು ಬೇಗ ಹರಡುವ ಕಾಯಿಲೆಯಾಗಿದೆ. ಮುಖ, ಕುತ್ತಿಗೆ, ತೋಳು ಮುಂತಾದ ಬಿಸಿಲು ತಗಲುವ ಭಾಗಗಳಲ್ಲಿ ಕೆಂಪು ಅಥವಾ ನೇರಳೆ ಬಣ್ಣದ ಗಟ್ಟಿ ಗಂಟಾಗಿ ಇದು ಕಾಣಿಸಿಕೊಳ್ಳುತ್ತದೆ. ಗಂಟಿನಲ್ಲಿ ಸಾಮಾನ್ಯವಾಗಿ ನೋವಿರುವುದಿಲ್ಲ. ಈ ಕಾರಣದಿಂದಲೇ ಅನೇಕರು ಅದನ್ನು ಕುರುವೆಂದು ಭಾವಿಸಿ ವಾರಗಟ್ಟಲೆ ಕಡೆಗಣಿಸುವುದುಂಟು. ವೃದ್ಧರಲ್ಲಿ ಹಾಗೂ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಇದು ಹೆಚ್ಚು. ಈ ಕಾಯಿಲೆಯನ್ನು ಸಿರಿಲ್ ಟೋಕರ್ ಎಂಬ ವೈದ್ಯರು 1972ರಲ್ಲಿ ಮೊದಲು ವಿವರಿಸಿದರು. 2008ರಲ್ಲಿ ಇದಕ್ಕೆ ಸಂಬಂಧಿಸಿದ ಪಾಲಿಯೋಮಾ ವೈರಸ್ಸನ್ನು ಅಮೆರಿಕದ ವಿಜ್ಞಾನಿಗಳು ಪತ್ತೆಹಚ್ಚಿದರು.

ರೋಗವು ಚರ್ಮ ಮತ್ತು ಸಮೀಪದ ದುಗ್ಧರಸ ಗ್ರಂಥಿಗಳನ್ನು ದಾಟಿ ಯಕೃತ್ತು, ಮೂಳೆ, ಶ್ವಾಸಕೋಶಗಳಂತಹ ದೂರದ ಅಂಗಗಳನ್ನು ತಲುಪಿದಾಗ ಶಸ್ತ್ರಚಿಕಿತ್ಸೆಯೊಂದೇ ಸಾಲುವುದಿಲ್ಲ. ಆಗ ಇಡೀ ಶರೀರಕ್ಕೆ ತಲುಪುವ ಔಷಧಿಯ ಪ್ರಶ್ನೆ ಏಳುತ್ತದೆ.

ಔಷಧಿಯನ್ನು ನಿರ್ಧರಿಸುವ ಮುನ್ನ ರೋಗನಿರ್ಣಯ ಖಚಿತವಾಗಿರಬೇಕು. ಸೂಕ್ಷ್ಮದರ್ಶಕದಲ್ಲಿ ಈ ಕ್ಯಾನ್ಸರ್ ಶ್ವಾಸಕೋಶದ ಸಣ್ಣ ಜೀವಕೋಶ ಕ್ಯಾನ್ಸರನ್ನು ಬಹುವಾಗಿ ಹೋಲುತ್ತದೆ. ಆದುದರಿಂದ ಬಯಾಪ್ಸಿ ತುಣುಕಿಗೆ ವಿಶೇಷ ಬಣ್ಣದ ಪರೀಕ್ಷೆಗಳನ್ನು ನಡೆಸಲಾಗುತ್ತದೆ. ಸಿಕೆ-20 ಇದ್ದು ಟಿಟಿಎಫ್-1 ಇಲ್ಲದಿದ್ದರೆ ಸಾಮಾನ್ಯವಾಗಿ ಅದು ಮರ್ಕೆಲ್ ಜೀವಕೋಶದ್ದು ಎಂದು ತಿಳಿಯಲಾಗುತ್ತದೆ.

ಕಿಮೊಥೆರಪಿಯ ಕ್ರಮವೂ ಈ ಹೋಲಿಕೆಯಿಂದಲೇ ಬಂದುದು. ಶ್ವಾಸಕೋಶದ ಆ ಕಾಯಿಲೆಗೆ ನೀಡುವ ಎಟೊಪೊಸೈಡ್ ಔಷಧಿಯನ್ನು ಸಿಸ್‌ಪ್ಲಾಟಿನ್ ಅಥವಾ ಕಾರ್ಬೊಪ್ಲಾಟಿನ್ ಜೊತೆಗೆ, ಸಾಮಾನ್ಯವಾಗಿ ಮೂರು ವಾರಗಳಿಗೊಮ್ಮೆ ಇಲ್ಲಿಯೂ ನೀಡಲಾಗುತ್ತದೆ. ಮೊದಲ ಬಾರಿಗೆ ಚಿಕಿತ್ಸೆ ಪಡೆಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಗಡ್ಡೆಗಳು ಕುಗ್ಗುತ್ತವೆ, ಅದೂ ಬೇಗನೆ. ಆದರೆ ಈ ಫಲ ಬಾಳುವುದು ಕಡಿಮೆ. ಬಹುತೇಕರಲ್ಲಿ ಕೆಲವೇ ತಿಂಗಳುಗಳಲ್ಲಿ ರೋಗ ಮರಳುತ್ತದೆ. ಗಡ್ಡೆ ಕುಗ್ಗುವುದು ಬೇರೆ, ಆಯಸ್ಸು ಹೆಚ್ಚುವುದು ಬೇರೆ. ಎರಡನೆಯದು ಈ ಕಾಯಿಲೆಯಲ್ಲಿ ಕಿಮೊಥೆರಪಿಯಿಂದ ದೃಢಪಟ್ಟಿಲ್ಲ ಎಂಬುದನ್ನು ರೋಗಿಯ ಕುಟುಂಬದವರು ಅರಿತಿರುವುದು ಒಳ್ಳೆಯದು.

ಈ ಕಾರಣದಿಂದ ಇಂದು ಮೊದಲು ಪರಿಗಣಿಸಲಾಗುವುದು ಇಮ್ಯುನೊಥೆರಪಿ, ಅಂದರೆ ಶರೀರದ ರೋಗನಿರೋಧಕ ಶಕ್ತಿಯನ್ನೇ ಗಡ್ಡೆಯ ವಿರುದ್ಧ ತಿರುಗಿಸುವ ಚಿಕಿತ್ಸೆ. ಅಮೆರಿಕದಲ್ಲಿ ಅವೆಲುಮ್ಯಾಬ್ ಔಷಧಿಗೆ 2017ರಲ್ಲಿ, ಪೆಂಬ್ರೊಲಿಜುಮ್ಯಾಬ್‌ಗೆ 2018ರಲ್ಲಿ ಈ ಕಾಯಿಲೆಗಾಗಿ ಅನುಮತಿ ದೊರೆಯಿತು. ಇವು ಎಲ್ಲರಿಗೂ ಫಲಿಸುವುದಿಲ್ಲ. ಫಲಿಸಿದವರಲ್ಲಿ ಮಾತ್ರ ಪರಿಣಾಮ ಹಲವೊಮ್ಮೆ ವರ್ಷಗಳವರೆಗೆ ಉಳಿಯುತ್ತದೆ. ಬೆಲೆ ಅತಿ ದುಬಾರಿಯಾಗಿದ್ದು, ಅನೇಕ ಮನೆಗಳಲ್ಲಿ ನಿರ್ಧಾರ ಇಲ್ಲಿಯೇ ನಿಂತುಬಿಡುತ್ತದೆ. ಆದ್ದರಿಂದ ಪೂರ್ಣ ಚಿಕಿತ್ಸೆಯ ಅಂದಾಜು ವೆಚ್ಚವನ್ನು ಆರಂಭದಲ್ಲಿಯೇ ಕೇಳಿ ತಿಳಿಯತಕ್ಕದ್ದು.

ಹಾಗಾದರೆ ಕಿಮೊಥೆರಪಿ ಯಾರಿಗೆ? ಇಮ್ಯುನೊಥೆರಪಿ ಫಲ ನೀಡದವರಿಗೆ, ಅದು ದೊರೆಯದವರಿಗೆ, ತೀವ್ರ ಸ್ವಯಂನಿರೋಧಕ ಕಾಯಿಲೆಯುಳ್ಳವರಿಗೆ ಇದನ್ನು ಪರಿಗಣಿಸಲಾಗುತ್ತದೆ. ಅಂಗ ಕಸಿ ಮಾಡಿಸಿಕೊಂಡವರ ವಿಷಯ ವಿಶೇಷವಾದುದು: ಇಮ್ಯುನೊಥೆರಪಿಯಿಂದ ಕಸಿ ಮಾಡಿದ ಮೂತ್ರಪಿಂಡವನ್ನು ಶರೀರ ತಿರಸ್ಕರಿಸುವ ಅಪಾಯವಿದೆ. ಗಡ್ಡೆಯು ಪ್ರಮುಖ ಅಂಗವನ್ನು ಒತ್ತುತ್ತಿದ್ದು ತ್ವರಿತ ಉಪಶಮನ ಬೇಕಾದಾಗಲೂ ಕಿಮೊಥೆರಪಿ ಉಪಯುಕ್ತ. ಒಂದೆರಡು ಗಡ್ಡೆಗಳು ಮಾತ್ರ ನೋವು ನೀಡುತ್ತಿದ್ದರೆ ವಿಕಿರಣ ಚಿಕಿತ್ಸೆಯೇ ಸಾಕಾಗಬಹುದು. ಈ ಕ್ಯಾನ್ಸರ್ ವಿಕಿರಣಕ್ಕೆ ಚೆನ್ನಾಗಿ ಸ್ಪಂದಿಸುತ್ತದೆ.

ಎರಡು ಪ್ಲಾಟಿನಂ ಔಷಧಿಗಳಲ್ಲಿ ಯಾವುದೆಂಬುದನ್ನು ರೋಗಿಯ ದೇಹಸ್ಥಿತಿ ನಿರ್ಧರಿಸುತ್ತದೆ. ಸಿಸ್‌ಪ್ಲಾಟಿನ್ ಮೂತ್ರಪಿಂಡ, ಶ್ರವಣಶಕ್ತಿ ಮತ್ತು ನರಗಳಿಗೆ ಹಾನಿ ಮಾಡಬಲ್ಲದು; ವಾಂತಿಯೂ ಹೆಚ್ಚು. ಆದ್ದರಿಂದ ವಯಸ್ಸಾದವರಿಗೆ ಹೆಚ್ಚಾಗಿ ಕಾರ್ಬೊಪ್ಲಾಟಿನ್ ನೀಡಲಾಗುತ್ತದೆ. ಅದರ ಪ್ರಮಾಣವನ್ನು ಮೂತ್ರಪಿಂಡದ ಕಾರ್ಯಕ್ಷಮತೆಯ ಆಧಾರದ ಮೇಲೆ ಲೆಕ್ಕಹಾಕಲಾಗುತ್ತದೆ. ಆದರೆ ರಕ್ತಕಣಗಳು, ವಿಶೇಷವಾಗಿ ಪ್ಲೇಟ್‌ಲೆಟ್‌ಗಳು ಕುಸಿಯುವ ಸಂಭವ ಹೆಚ್ಚು. ರೋಗಿಯು ಮಧುಮೇಹ, ಮೂತ್ರಪಿಂಡದ ತೊಂದರೆ, ಕಿವಿ ಮಂದವಾಗಿರುವುದು ಇವುಗಳನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು.

ಚಿಕಿತ್ಸೆಯ ಅವಧಿಯಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದಲ್ಲಿ ಮನೆಯಲ್ಲಿ ಜ್ವರದ ಮಾತ್ರೆ ನುಂಗಿ ಬೆಳಗಾಗಲೆಂದು ಕಾಯಬಾರದು. ಬಿಳಿ ರಕ್ತಕಣಗಳು ಕುಸಿದಿರುವಾಗ ಸೋಂಕು ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯ ತರಬಲ್ಲದು. ರಾತ್ರಿಯೇ ಆಗಿರಲಿ, ಚಿಕಿತ್ಸಾ ಚೀಟಿಯೊಂದಿಗೆ ಕೂಡಲೇ ಆಸ್ಪತ್ರೆಗೆ ತೆರಳಿ, ಕಿಮೊಥೆರಪಿ ನಡೆಯುತ್ತಿರುವುದನ್ನು ಕರ್ತವ್ಯದಲ್ಲಿರುವ ವೈದ್ಯರಿಗೆ ಮೊದಲು ತಿಳಿಸುವುದು.