ಮುಂಡಗೋಡಿನಲ್ಲಿ ಟಿಬೆಟ್ ದರ್ಶನ

ವಿದೇಶ ಪ್ರವಾಸವೆಂದೊಡನೆ ವಿಮಾನ, ವೀಸಾ, ಲಕ್ಷಗಟ್ಟಲೆ ಹಣದ ಚಿಂತೆ ಮೂಡುವುದು ಸಹಜ. ಆದರೆ ದಾಂಡೇಲಿ, ಹಳಿಯಾಳ, ಜೋಯಿಡಾಗಳ ಕುಟುಂಬಗಳು ಪರದೇಶವೊಂದರ ಕಲೆ, ಊಟ, ಇತಿಹಾಸಗಳನ್ನು ತಮ್ಮ ಜಿಲ್ಲೆಯ ಮುಂಡಗೋಡಿನಲ್ಲಿಯೇ ಕಾಣಬಹುದು.

1959ರಲ್ಲಿ ದಲಾಯಿ ಲಾಮಾ ಅವರು ಭಾರತದ ಆಶ್ರಯ ಪಡೆದರು. ಅವರ ಬೆನ್ನಲ್ಲೇ ಸಹಸ್ರಾರು ಟಿಬೆಟನ್ನರು ಮನೆಮಠಗಳನ್ನು ತೊರೆದು ಬಂದರು. ಶ್ರೀ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗ ಅಂದಿನ ಮೈಸೂರು ರಾಜ್ಯವು ಅವರಿಗೆ ಭೂಮಿಯನ್ನಿತ್ತಿತು. ಮುಂಡಗೋಡಿನ ನೆಲೆ ಆರಂಭವಾದದ್ದು 1966ರಲ್ಲಿ. ಲ್ಹಾಸಾ ನಗರದ ಬಳಿ 1409ರಲ್ಲಿ ಸ್ಥಾಪಿತವಾದ ಗಾಂಡೆನ್ ಹಾಗೂ 1416ರ ಡ್ರೆಪುಂಗ್ ಮಠಗಳು ಇಲ್ಲಿ ಮರುಹುಟ್ಟು ಪಡೆದವು.

ಮಂದಿರಗಳಲ್ಲಿ ರೇಷ್ಮೆಯ ಅಂಚಿನ ತಂಗ್ಕಾ ಪಟಚಿತ್ರಗಳನ್ನು ಮಕ್ಕಳಿಗೆ ತೋರಿಸಿರಿ. ಭಿಕ್ಷುಗಳು ಅಂಗಳದಲ್ಲಿ ಕೈ ತಟ್ಟಿ ಪ್ರಶ್ನೆಯೆಸೆದು ತರ್ಕ ನಡೆಸುವ ಪರಿಯೂ ನೋಡತಕ್ಕದ್ದೇ. ಇನ್ನು ಊಟ: ಮೋಮೋ ನಮ್ಮ ಹಬೆಯ ಕಡುಬಿನ ಸೋದರ, ಥುಕ್ಪಾ ಎಂಬುದು ಶ್ಯಾವಿಗೆಯಂಥ ಎಳೆಗಳ ಬಿಸಿ ಸಾರು, ಹುರಿದ ಜವೆಗೋಧಿಯ ತ್ಸಾಂಪಾ ನಮ್ಮ ಹುರಿಹಿಟ್ಟನ್ನು ನೆನಪಿಸುತ್ತದೆ. ಮಾಂಸ ಬೆರೆಸುವ ವಾಡಿಕೆಯುಂಟಾದ್ದರಿಂದ ಕಾಯಿಪಲ್ಲೆಯದನ್ನೇ ಕೇಳಿ ಪಡೆಯಿರಿ.

ವಿದೇಶಿಯರು ಇಲ್ಲಿ ತಂಗಲು ಕೇಂದ್ರ ಸರ್ಕಾರದ ವಿಶೇಷ ಅನುಮತಿ ಬೇಕು. ನಮಗೆ ಆ ತೊಡಕಿಲ್ಲ. ಆದರೆ ತಡಮಾಡುವುದು ಬೇಡ. ಲ್ಹಾಸಾವನ್ನು ಕಣ್ಣಾರೆ ಕಂಡ ಹಿರಿಯರು ವಿರಳವಾಗುತ್ತಿದ್ದಾರೆ. ಕಿರಿಯರನೇಕರು ದೂರದೇಶಗಳಿಗೆ ತೆರಳುತ್ತಿದ್ದಾರೆ. ಹಿರಿಯರೊಬ್ಬರ ಬಳಿ ಮಕ್ಕಳನ್ನು ಕೂರಿಸಿ, ತೊರೆದು ಬಂದ ಊರಿನ ಮಾತನ್ನು ಕೇಳಿಸಿರಿ. ನೆಲವನ್ನು ಕಳೆದುಕೊಂಡೂ ನುಡಿ, ಆಚಾರಗಳನ್ನು ಕಾಪಾಡಿಕೊಂಡವರ ಬಾಳು, ಮನೆಯಲ್ಲಿಯೇ ಕನ್ನಡ ಮರೆಯುತ್ತಿರುವ ನಮ್ಮ ಮಕ್ಕಳಿಗೆ ಒಳ್ಳೆಯ ಪಾಠವಾದೀತು.